ಮೋಲ್ಡ್ ಮಷಿನ್ ಎಳೆಯೋ ಗಾಡಿ

ಅಲ್ಲರೀ, ಜಗಳೂರಿನ ಗಾಡಿ ಕೆಟ್ಟದ್ದು ಅಂತ ನಾನೆಲ್ಲಿ ಅಂದೆ? ಅಂದ್ನಾ? ಇಂಜಿನ್ ಚೆನ್ನಾಗೈತೆ ಅಂತ ನಿಮಗಿಂತ ಮೊದ್ಲೇ ನಾನೇ ಅಂದೆ. ಕ್ಲಚ್ಚು ಗಟ್ಟಿ ಐತೆ ಅಂದೆ, ಅಷ್ಟೇ. ಗಟ್ಟಿ ಅಂದ್ರೆ ಗಟ್ಟಿ. ಕಲ್ಲು ಒತ್ತಿದಂಗೆ... ಏನು? ಯಾಕೆ ನಗ್ತೀರಿ? ಇವಳಿಗೆ ಹೆಂಗೆ ಗೊತ್ತು ಅಂತಾನಾ? ನಿಮ್ಮ ಮುಖ ನೋಡಿದೆ ರೀ. ಕ್ಲಚ್ ಒತ್ತಿದಾಗ ನಿಮ್ಮ ದವಡೆ ಹಿಂಗೆ ಬಿಗಿ ಆಯ್ತು. ಮದ್ವೆ ಆದಾಗಿಂದ ನಿಮ್ಮ ಪಕ್ಕದಾಗೆ ಕೂತೀನಿ, ದವಡೆ ನೋಡೇ ಎಷ್ಟನೇ ಗೇರು ಅಂತ ಹೇಳ್ತೀನಿ ನಾನು.

ಬರ್ರಿ, ಈ ಕಡೆ ನೆರಳಿಗೆ ಬರ್ರಿ. ತಿಪ್ಪೇರುದ್ರಣ್ಣ ಈ ಗಾಡಿ ಹಿಂದೆ ನೀರಿನ ಟ್ಯಾಂಕರ್ ಸಿಗಿಸಿ ಎಳೆದು ನೋಡಾಕೆ ಪಿನ್ನು ತರ್ತೀನಿ ಅಂತ ಹೋದೋನು ಹೊನ್ನಾಳಿ ಪ್ಯಾಟೆ ಎಲ್ಲ ಸುತ್ತಿ ಬರ್ತಾನೆ ಅನ್ಸುತ್ತೆ. ಈ ಬ್ರೋಕರ್ ಮಂದಿನೇ ಹಂಗೆ. ಗಿರಾಕಿನ ಗಾಡಿ ಮುಂದೆ ಕೂರ್ಸಿ ತಾವು ಮಾಯ ಆಗ್ತಾರೆ. ಹೆಣ್ಣು ನೋಡಾಕೆ ಬಂದೋರ ಮುಂದೆ ಹುಡುಗಿನ ಕೂರ್ಸಿ ಒಳಗೆ ಹೋಗ್ತಾರಲ್ಲ, ಹಂಗೆ. ನೋಡಿ ನೋಡಿ ಮನಸ್ಸು ಕರಗ್ಲಿ ಅಂತ. ಕರಗ್ತಾ ನಿಮ್ದು? ಏನಾದ್ರೂ ಅನ್ರಿ. ಬೆಳಿಗ್ಗೆಯಿಂದ ನೋಡ್ತಾ ಇದೀನಿ, ಬಾಯಿಗೆ ಬೀಗ ಹಾಕ್ಕಂಡು ಬಂದೀರಿ.

ಸರಿ ಬಿಡ್ರಿ. ನಾನೇ ಮಾತಾಡ್ತೀನಿ. ಯಾರಾದ್ರೂ ಒಬ್ರು ಮಾತಾಡ್ಬೇಕಲ್ಲ. ಇವತ್ತು ಸಂಜೆ ಒಳಗೆ ಒಂದು ಸೆಕೆಂಡ್ ಹ್ಯಾಂಡ್ ಪಿಕಪ್ಪು ಅಂತ ಆಗಲೇಬೇಕು. ನಾಡಿದ್ದು ಸಾಸ್ವೆಹಳ್ಳಿಯಾಗೆ ಮಲ್ಲಿಕಾರ್ಜುನಪ್ಪನೋರ ಮನೆ ತಾರಸಿಗೆ ಮೋಲ್ಡು ಹಾಕಾದು. ದೊಡ್ಡಣ್ಣ ನೋಡಿದ್ರೆ ನೀವು ಓಡಿಸ್ತಿದ್ದ ಟ್ರ್ಯಾಕ್ಟರ್ ಮಾರಿ ಕೈ ತೊಳ್ಕಂಡ. ಇನ್ನು ನಮ್ಮ ಕಾಂಕ್ರೀಟ್ ಕಲಸೋ ಮಷಿನ್ ಎಳೆಯೋರು ಯಾರು? ನಾನೂ ನೀವೂ ಹಗ್ಗ ಹಾಕಿ ಎಳೆಯಾನಾ? ಎಳೆದ್ರೂ ಎಳೆದೇವು, ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು ಅನ್ನಂಗೆ ಆಗ್ತದೆ ನಮ್ಮ ಕಥೆ. ಕೋಣ ಯಾರು ಅಂತ ಕೇಳಬ್ಯಾಡ್ರಿ.

ಅಲ್ಲಿ ಸೆಂಟ್ರಿಂಗ್ ಮುಗ್ದೈತೆ, ಕಬ್ಬಿಣ ಕಟ್ಟ್ಯಾರೆ. ಆ ಮನೆ ಯಜಮಾನ್ತಿ ಶಾಂತಾದೇವಮ್ಮ ಹೋಳಿಗೆಗೆ ಬೇಳೆನೂ ಆರಿಸಿಟ್ಟಾರಂತೆ, ಫೋನ್ ಮಾಡಿದ್ರು. ಮಷಿನ್‌ಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡ್ದು, ಮೊದಲ್ನೇ ಬಾಂಡ್ಲಿ ಕಾಂಕ್ರೀಟು ಆ ಮನೆ ಹೆಣ್ಮಗಳು ಮುಟ್ಟಿ ಕೊಟ್ಟ ಮ್ಯಾಲೇನೇ ಕೆಲ್ಸ ಶುರು ಆಗಬೇಕು. ಶುರು ಆತು ಅಂದ್ರೆ ಮುಗಿಯೋತನಕ ನಿಲ್ಲಂಗಿಲ್ಲ. ನಿಂತು ಆಮ್ಯಾಲೆ ಹಾಕಿದ್ರೆ ಅಲ್ಲೊಂದು ಗೀಟು ಬೀಳುತ್ತೆ. ಮಳೆಗಾಲದಾಗೆ ಆ ಗೀಟಿಂದಾನೇ ಸೋರಾದು. ಸೋರಿದಾಗೆಲ್ಲ ಪಾತ್ರೆ ಇಟ್ಕಂತಾ ನಮ್ಮ ಹೆಸರು ಹಿಡ್ದು ಬೈತಾರೆ ಆ ಮನೆಯೋರು, ಮೊಮ್ಮಕ್ಕಳ ಕಾಲಕ್ಕೂ ಬೈತಾರೆ. ಅದಕ್ಕೇ ಅಂತೀನಿ, ಟೈಮಿಗೆ ಮಷಿನ್ ಹೋಗಬೇಕು, ನಡುವೆ ಕೈ ಕೊಡದಂಥ ಗಾಡಿ ಬೇಕು.

ಬೆಳಿಗ್ಗೆ ಚನ್ನಗಿರಿಯಾಗೆ ನೋಡಿದ್ದಂತೂ ಬ್ಯಾಡವೇ ಬ್ಯಾಡ. ಸೂಳೆಕೆರೆ ಮೀನು ಹೊತ್ತ ಗಾಡಿ ಅದು. ವಾಸನೆಗೆ ನಾನು ಹೆದರಲ್ಲ, ತೊಳೆದ್ರೆ ಹೋಗುತ್ತೆ. ಆದ್ರೆ ಐಸ್ ನೀರು ದಿನಾ ಸೋರಿ ಸೋರಿ ಚಾಸಿನೇ ತಿಂದು ಹಾಕೈತೆ. ನೀವು ಕೆಳಗೆ ಮಲ್ಕಂಡು ಸ್ಕ್ರೂಡ್ರೈವರ್ ಇಟ್ಟು ಒತ್ತಿದ್ರಲ್ಲ, ಹಪ್ಪಳ ಮುರಿದಂಗೆ ಉದುರ್ತು. ಮ್ಯಾಲೆ ಬಣ್ಣ ನೋಡಿದ್ರೆ ಮದುಮಗ. ಮಷಿನ್ ಎಳೆಯೋ ಗಾಡಿಗೆ ಇಂಜಿನ್ ಆಮ್ಯಾಲೆ, ಮೊದ್ಲು ಬೆನ್ನು ಗಟ್ಟಿ ಇರಬೇಕು. ಭಾರ ಎಲ್ಲ ಹಿಂದಿನ ಹುಕ್ಕಿನ ಮ್ಯಾಲೆ ತಾನೆ ಬೀಳೋದು... ಹೌದು, ನೀವು ಹೇಳಿದ ಮಾತೇ ನಿಮಗೆ ಹೇಳ್ತಾ ಇದೀನಿ. ನೀವು ಹೇಳದಿದ್ರೆ ಯಾರಾದ್ರೂ ಹೇಳಬೇಕಲ್ಲ.

ಜಗಳೂರಿನದು ಕುರಿ ಹೊತ್ತಿದ್ದು. ಬೆನ್ನು ಗಟ್ಟಿ, ಇಂಜಿನ್ ಗಟ್ಟಿ, ಒಪ್ತೀನಿ. ಆದ್ರೆ ಸ್ಟೇರಿಂಗೂ ಗಟ್ಟಿ, ಕ್ಲಚ್ಚೂ ಗಟ್ಟಿ. ಕುಣಿಯಾಕೆ ಬರದೋಳು ನೆಲ ಡೊಂಕು ಅಂದ್ಳಂತೆ, ಅಂತೀರೇನೋ. ಅನ್ರಿ. ನಾನೇನು ಕುಣಿಯೋಳಾ? ಕುಣಿಯೋರು ನೀವು. ನಿಮ್ಮ ಮಂಡಿ ನೆನೆಸ್ಕಂಡು ಹೇಳಿದೆ. ನಿಮ್ಮ ಮಂಡಿಗೇನಾಗೈತೆ ಅಂತಾನಾ? ಈಗೇನೂ ಆಗಿಲ್ಲ. ಮುಂದೆ ಆಗುತ್ತೆ. ವಯಸ್ಸು ಯಾರನ್ನ ಬಿಟ್ಟೈತೆ.

ಇನ್ನೂ ಬಸ್ಸಿನ ಸಿಟ್ಟಾ ನಿಮಗೆ? ಬೈಕಿನಾಗೆ ಬಂದಿದ್ರೆ ಇಷ್ಟೊತ್ತಿಗೆ ಎರಡು ಸಲ ಮನೆ ಸೇರ್ತಿದ್ವಿ ಅಂತ ನಿಮ್ಮ ಮನಸ್ಸಿನಾಗೆ ಐತೆ. ಬಿಸ್ಲು ರೀ. ಧೂಳು. ಹನಿ ಹಾಕ್ಕಂತಿರೋ ಕಣ್ಣಿಗೆ ಧೂಳು ಬ್ಯಾಡ ಅಂತ ದಾವಣಗೆರೆ ಡಾಕ್ಟ್ರು ಅಂದಿಲ್ವಾ? ಅಷ್ಟೇ ಅವರು ಅಂದಿದ್ದು. ಧೂಳು ಬ್ಯಾಡ, ಹನಿ ತಪ್ಪಿಸಬ್ಯಾಡ್ರಿ. ಇನ್ನೇನೂ ಅನ್ನಲಿಲ್ಲ. ಎಷ್ಟು ಸಲ ಅದನ್ನೇ ಕೇಳ್ತೀರಿ... ಕೇಳಲಿಲ್ವಾ? ನೀವು ಈಗ ಕೇಳಲಿಲ್ವಾ? ಕೇಳಿದಂಗಾತು. ಬಿಸಿಲಿಗೆ ಕಿವಿನೂ ಕೆಟ್ಟೈತೆ ನಂದು.

ನೀರು ಕುಡೀತೀರಾ? ಬಾಟ್ಲಿ ಇಲ್ಲೇ ಐತೆ, ನಿಮ್ಮ ಎಡಗಡೆ... ತಗಳ್ಳಿ, ನಾನೇ ಕೊಡ್ತೀನಿ.

ನಾನಂತೂ ಈ ಗಾಡಿಗೆ ಮನಸ್ಸು ಕೊಟ್ಟೀನಿ. ಮುಚ್ಚುಮರೆ ಏನೈತೆ. ಅಡಿಕೆ ಸಾಹುಕಾರ ರೇಣುಕಪ್ರಸಾದೋರ ಗಾಡಿ, ಒಣಗಿದ ಅಡಿಕೆ ಚೀಲ ಬಿಟ್ರೆ ಬೇರೆ ಏನೂ ಹೊತ್ತಿಲ್ಲ. ಪರಶುರಾಮ್ ಅಂತ ಒಬ್ನೇ ಡ್ರೈವರ್, ಒಂದೇ ಕೈಯಾಗೆ ಬೆಳೆದಿದ್ದು. ನೀವು ಬಂದ ತಕ್ಷಣ ಬಾನೆಟ್ ಮ್ಯಾಲೆ ಅಂಗೈ ಇಟ್ರಿ. ತಣ್ಣಗಿತ್ತು. ಗಿರಾಕಿ ಬರಾಕೆ ಮೊದ್ಲೇ ಇಂಜಿನ್ ಬಿಸಿ ಮಾಡಿಟ್ರೆ ಎಂಥ ಮುದುಕ ಗಾಡಿನೂ ಹುಡುಗನಂಗೆ ಎದ್ದು ಬರುತ್ತೆ, ಆ ಆಟ ಇಲ್ಲಿ ಆಡಿಲ್ಲ. ತಣ್ಣಗಿದ್ದಿದ್ದು ಒಂದ್ಸಲ ಕೀ ತಿರುಗಿಸಿದ ಕೂಡ್ಲೇ ಹಿಡೀತು. ಆಯಿಲ್ ಮುಚ್ಚಳ ತೆಗೆದ್ರೆ ಹೊಗೆ ಉಗೀಲಿಲ್ಲ. ನಿಮ್ಮ ತುಟಿ ಹಿಂಗೆ ಒಂಚೂರು ಮ್ಯಾಲೆ ಹೋಯ್ತು, ನಾನು ನೋಡಿದೆ. ನೀವು ಒಪ್ಪಿದ ಗಾಡಿಗೆ ಮಾತ್ರ ಹಂಗೆ ಹೋಗಾದು. ನನ್ನ ನೋಡಾಕೆ ಬಂದಾಗಲೂ ಹಂಗೇ ಹೋಗಿತ್ತಂತೆ, ಅವ್ವ ಇವತ್ತಿಗೂ ಹೇಳ್ತಾಳೆ.

ಸ್ಟೇರಿಂಗು ಒಂದು ಬೆರಳಿಗೆ ತಿರುಗುತ್ತೆ. ಕ್ಲಚ್ಚು ಹೂ ಮೆಟ್ಟಿದಂಗೆ. ಎರಡೂ ಕಡೆ ಕನ್ನಡಿ ದೊಡ್ಡವು, ಹಿಂದೆ ಮಷಿನ್ ಚಕ್ರದತನಕ ಕಾಣುತ್ತೆ. ಹುಕ್ಕೂ ಮೊದ್ಲೇ ಹಾಕ್ಸ್ಯಾರೆ, ನಾವು ಲೇತ್ ಅಂಗಡಿಯೋರ ಹತ್ರ ಹೋಗೋ ಕೆಲ್ಸ ಇಲ್ಲ. ಇನ್ನೇನು ಬೇಕು? ಎಡಗಡೆ ಬಾಗ್ಲು ಹೊರಗಿಂದ ತೆಗೆಯಾಕೆ ಬರಲ್ಲ ಅಂದ್ರಿ. ಒಳಗಿಂದ ತೆಗೆದ್ರಾತು, ಅದೊಂದು ತಪ್ಪಾ. ಮಲ್ಲಿಕಾರ್ಜುನಪ್ಪನೋರ ಓಣಿ ನೋಡೀರಲ್ಲ, ಎಷ್ಟು ಸಣ್ಣದು. ಮುಂದಕ್ಕೆ ಹೋದ್ರೆ ತಿರುಗಾಕೆ ಜಾಗ ಇಲ್ಲ, ಮಷಿನ್ನ ಹಿಂದಿಟ್ಕಂಡು ರಿವರ್ಸಿನಾಗೇ ನುಗ್ಗಿಸಬೇಕು. ಅಲ್ಲಿ ಕನ್ನಡಿ ದೊಡ್ಡದಿರಬೇಕು, ಸ್ಟೇರಿಂಗ್ ಸಡಿಲ ಇರಬೇಕು. ಮಷಿನ್ ಎಡಕ್ಕೆ ಹೋಗಬೇಕು ಅಂದ್ರೆ ಸ್ಟೇರಿಂಗ್ ಬಲಕ್ಕೆ ಕೊಡಬೇಕು, ಕೊಟ್ಟ ತಕ್ಷಣ ವಾಪಸ್ ಬಿಡಬೇಕು. ಬಿಡಾದು ಒಂಚೂರು ತಡ ಆತು ಅಂದ್ರೆ ಗಾಡಿ, ಮಷಿನ್ ಎರಡೂ ಕತ್ತರಿಯಂಗೆ ಮಡಚ್ಕಂಡೇ ಬಿಡ್ತಾವೆ. ನಂಗೂ ಮೊದಮೊದ್ಲು ಬರೀ ಮಡಚ್ಕಂತಾನೇ ಇತ್ತು, ಆಮ್ಯಾಲೆ...

ಏನು? ಯಾಕೆ ಹಂಗೆ ನೋಡ್ತೀರಿ?

ನಂಗೆ ಅಂದ್ರೆ... ನೋಡಾಕೆ. ನೋಡಾಕೆ ಅಂದೆ. ನೀವು ಮಾಡ್ವಾಗ ಪಕ್ಕದಾಗೆ ಕೂತು ನೋಡೋಳಿಗೂ ಮೊದಮೊದ್ಲು ತಲೆ ತಿರುಗ್ತಿತ್ತು, ಹಂಗೆ. ಮಾತು ಆಡಿದ್ರೆ ಹೋತು, ಮುತ್ತು ಒಡೆದ್ರೆ ಹೋತು ಅಂತ ಸುಮ್ನೆ ಅಂತಾರಾ. ನಂದು ಬಾಯಲ್ಲ, ತೂತು ಬಿದ್ದ ಬಾಂಡ್ಲಿ. ನಗ್ರಿ ಬೇಕಾದ್ರೆ. ನಗದೂ ಇಲ್ಲ, ಬೈಯದೂ ಇಲ್ಲ, ಹಿಂಗೆ ನೋಡ್ತಾ ಕೂತ್ರೆ ನಾನೇನು ಅನ್ಕಳ್ಳಲಿ?

ನ್ಯಾಮತಿಗೆ ಹೋಗ್ತಿದ್ದ ವಿಷಯನೂ ಇದಕ್ಕೇ ಸೇರಿಸ್ಬ್ಯಾಡ್ರಿ ಮತ್ತೆ. ಅವ್ವನಿಗೆ ಕಾಲು ಊದ್ತಿದ್ದು ಖರೆ. ವಾರಕ್ಕೊಂದು ಸಲ ಮಗಳು ತವರಿಗೆ ಹೋಗಿ ಬಂದ್ರೆ ತಪ್ಪಾ? ಗಿಡ್ಡಮ್ಮ ನಿಮಗೂ ಅತ್ತೆ ತಾನೆ. ಗೋಧಿ ಹುಗ್ಗಿ ಮಾಡಿ ಡಬ್ಬಿ ತುಂಬಿ ಕಳಿಸ್ತಿದ್ಲಲ್ಲ, ತಿನ್ನುವಾಗ ಏನೂ ಕೇಳಲಿಲ್ಲ ನೀವು. ತಮ್ಮ ಸಿದ್ದೇಶ್ ಬಸ್ ಸ್ಟ್ಯಾಂಡಿಗೆ ಬಿಡಾಕೆ ಅವನ ಪಿಕಪ್ಪಿನಾಗೆ ಬರ್ತಿದ್ದ. ಅಷ್ಟೇ. ಅವನ ಗಾಡಿಗೂ ನಂಗೂ ಅಷ್ಟೇ ಸಂಬಂಧ.

ಆ ಕಡೆ ಎಲ್ಲಿಗೆ ಎದ್ರಿ? ಕೂತ್ಕಳ್ರಿ. ಅಲ್ಲಿ ಕಲ್ಲು ಐತೆ, ನೋಡಿ... ಹ್ಞಾ, ಅದೇ. ಎಡವ್ತಿದ್ರಿ.

ನಂಗ್ಯಾಕೋ ಇವತ್ತು ಕೂತಲ್ಲಿ ಕೂರಾಕೆ ಆಗ್ತಾ ಇಲ್ಲ ರೀ. ಗಾಡಿ ತಗಳ್ಳೋದು ಅಂದ್ರೆ ಸುಮ್ನೆ ಮಾತಾ. ತಗಂಡ ಮ್ಯಾಲೆ ಅದು ನಮ್ದು. ಬೆಳಕು ಹರಿಯಾಕೆ ಮುಂಚೆ ಕಲ್ಲೇಶಪ್ಪನ ಕೂಲಿ ಗ್ಯಾಂಗು ಬಂದು ಹಿಂದೆ ಹತ್ತುತ್ತೆ. ಗಂಡಸ್ರು, ಹೆಂಗಸ್ರು, ಸಲಿಕೆ, ಬಾಂಡ್ಲಿ, ಊಟದ ಡಬ್ಬಿ, ಎಲ್ಲ ಒಟ್ಟಿಗೆ. ಹತ್ತಿದ ಕೂಡ್ಲೇ ಅರ್ಧ ಜನ ತೂಕಡಿಸ್ತಾರೆ. ಅವರ ಹಿಂದೆ ಮಷಿನ್ ಬ್ಯಾರೆ. ಮುಂದೆ ಕೂತೋರ ಮ್ಯಾಲೆ ಎಷ್ಟು ನಂಬಿಕೆ ಇದ್ರೆ ಹಂಗೆ ತೂಕಡಿಸ್ತಾರೆ? ಯೋಚ್ನೆ ಮಾಡ್ರಿ. ನಾನಂತೂ ಮಾಡ್ತೀನಿ. ಮಲ್ಕಂಡ್ರೂ ಅದೇ ಯೋಚ್ನೆ.

ಹೋದ ಸುಗ್ಗಿಯಾಗೆ ಸೂಳೆಕೆರೆ ಏರಿ ಮ್ಯಾಲೆ ನೀವು ದೊಡ್ಡಣ್ಣನ ಟ್ರ್ಯಾಕ್ಟರ್ ಓಡಿಸ್ಕಂಡು ಬರ್ವಾಗ ಎಮ್ಮೆ ಅಡ್ಡ ಬಂತಲ್ಲ, ಅದೇ ಕಣ್ಮುಂದೆ ಬರುತ್ತೆ ನಂಗೆ. ಅಡ್ಡ ಬಂತು ಅದು. ನಿಮ್ಮ ತಪ್ಪಲ್ಲ. ನಾನೇ ಎಲ್ಲಾರ ಮುಂದೆ ಹೇಳೀನಿ, ಎಮ್ಮೆ ಅಡ್ಡ ಬಂತು, ಇವರು ಬ್ರೇಕ್ ಹಾಕಿದ್ರು ಅಂತ. ನಾನು ಕೂಗಿದ್ದಕ್ಕೆ ಹಾಕಿದ್ರು ಅಂತ ಯಾರ ಮುಂದೂ ಹೇಳಿಲ್ಲ. ಹೇಳಾಕೇನೈತೆ, ಪಕ್ಕದಾಗೆ ಕೂತೋರು ಕೂಗ್ತಾರೆ. ಎಲ್ಲಾರ ಮನೆ ಹೆಂಗಸ್ರೂ ಕೂಗ್ತಾರೆ.

ಅಗೋ ಬಂದ ನೋಡ್ರಿ ತಿಪ್ಪೇರುದ್ರಣ್ಣ. ಸಿಕ್ತಾ ಪಿನ್ನು? ಸಿಕ್ಕೈತೆ ಅಂತೆ. ಹೋಗ್ರಿ, ನೀವೇ ಸಿಗಿಸ್ರಿ. ಬ್ರೋಕರ್ ಸಿಗಿಸಿದ್ದು ನಂಬಬ್ಯಾಡ್ರಿ. ಚೈನೂ ಹಾಕಾಕೆ ಹೇಳ್ರಿ, ಪಿನ್ನು ಎದ್ರೂ ಟ್ಯಾಂಕರ್ ಹಿಂದೆ ಉಳೀಬಾರ್ದು. ಅರ್ಧ ನೀರೈತಂತೆ ಅದ್ರಾಗೆ, ನಮ್ಮ ಮಷಿನ್ ಭಾರಕ್ಕೆ ಸರಿ ಆಗುತ್ತೆ. ತುಂಗಭದ್ರೆ ಸೇತುವೆತನಕ ಹೋಗಿ ಬಂದ್ರೆ ಗೊತ್ತಾಗುತ್ತೆ, ಏರಿನಾಗೆ ಎಳೆಯುತ್ತಾ, ಇಳಿಜಾರಿನಾಗೆ ಹಿಡಿಯುತ್ತಾ ಅಂತ. ಬರೀ ಗಾಡಿ ಓಡ್ಸಿ ನೋಡಾದು ಅಂದ್ರೆ ಹೊರೆ ಕೊಡದೆ ಎತ್ತು ತಗಂಡಂಗೆ.

ಸಿಗಿಸಿದ್ರಾ? ಅಲ್ಲಾಡಿಸಿ ನೋಡ್ರಿ. ಹ್ಞೂಂ... ಗಟ್ಟಿ ಐತೆ.

ತಿಪ್ಪೇರುದ್ರಣ್ಣ ನಮ್ಮ ಜೊತೆ ಬರಲ್ವಂತೆ, ಫೋನ್ ಬಂದೈತೆ ಅವನಿಗೆ. ನೀವೇ ಹೋಗಿ ಬರ್ರಿ ಅಂತಾನೆ. ಒಳ್ಳೇದೇ ಆತು, ನಾವಿಬ್ರೇ ಇದ್ರೆ ಮಾತಾಡ್ಕಬಹುದು. ಅಂದ್ರೆ ನಾನು ಮಾತಾಡಬಹುದು. ಕೀ ಎಲ್ಲಿ? ಗಾಡಿಯಾಗೇ ಐತಾ? ಇರ್ರಿ, ಇರ್ರಿ, ಆ ಕಡೆ ಬಾಗ್ಲು ಹೊರಗಿಂದ ಬರಲ್ವಲ್ಲ. ಮೊದ್ಲು ನಾನು ಈ ಕಡೆಯಿಂದ ಹತ್ತಿ ಆ ಕಡೆ ಸರ್ಕಂತೀನಿ, ಆಮ್ಯಾಲೆ ನೀವು ಹತ್ರಿ. ಎತ್ತರ ಐತಪ್ಪಾ... ಸೀರೆ ಸಿಗಾಕ್ಕಂತು... ಹ್ಞಾ, ಹತ್ತಿದೆ.

ಅರೆ.

ಏನ್ರೀ ಇದು... ಕಾಲು ತಾಕ್ತಾವೆ. ಕ್ಲಚ್ಚಿಗೂ ತಾಕ್ತಾವೆ, ಬ್ರೇಕಿಗೂ ತಾಕ್ತಾವೆ. ಸೀಟು ಇಷ್ಟು ಮುಂದಕ್ಕೆ ಯಾರು ಎಳೆದೋರು? ನಾವು ಬಂದಾಗ ಹಿಂದಿತ್ತು. ನೀವು ಸ್ಟಾರ್ಟ್ ಮಾಡಿದಾಗ ಆರಾಮಾಗಿ ಕಾಲು ಚಾಚಿ ಕೂತಿದ್ರಿ, ನಾನೇ ನೋಡೀನಿ. ಈಗ ನೀವು ಇಲ್ಲಿ ಕೂತ್ರೆ ಮಂಡಿ ಸ್ಟೇರಿಂಗಿಗೆ ಬಡಿಯುತ್ತೆ. ಆ ಪರಶುರಾಮ್ ನಿಮಗಿಂತ ಗೇಣು ಎತ್ತರ ಅಂತೆ. ತಿಪ್ಪೇರುದ್ರಣ್ಣ ಒಳಗೆ ಕಾಲೇ ಇಟ್ಟಿಲ್ಲ. ನಾನು ಅವನ ಜೊತೆ ರೇಟು ಮಾತಾಡಾಕೆ ಬೇವಿನ ಮರದತ್ರ ಹೋದಾಗ ಗಾಡಿಯಾಗೆ ಇದ್ದೋರು ನೀವೊಬ್ರೇ.

ಬೆನ್ನಿಗೆ ಏನೋ ಮೆತ್ತಗೆ ಐತಲ್ಲ ಇದು... ಟವಲ್ಲು. ನಿಮ್ಮ ಟವಲ್ಲಲ್ವಾ? ಮಡಚಿ, ಮಡಚಿ, ದಿಂಬಿನಂಗೆ ಮಾಡಿ ಇಟ್ಟೀರಿ.

ರೀ. ಇದು ನನ್ನ ಬೆನ್ನಿಗಾ?

ಮಾತಾಡ್ರಿ. ಈಗಲಾದ್ರೂ ಮಾತಾಡ್ರಿ. ನೆಲ ಯಾಕೆ ನೋಡ್ತೀರಿ? ಯಾವಾಗಿಂದ ಗೊತ್ತು ನಿಮಗೆ? ಸಿದ್ದೇಶ ಹೇಳಿದ್ನಾ? ಅವನು ಹೇಳಲ್ಲ, ಅವ್ವನ ಮ್ಯಾಲೆ ಆಣೆ ಮಾಡ್ಸೀನಿ. ಲೈಸೆನ್ಸ್ ಮಾಡ್ಸಾಕೆ ಹೋದಾಗ ಆರ್‌ಟಿಓ ಹತ್ರ ಯಾರಾದ್ರೂ ನನ್ನ ನೋಡಿದ್ರಾ? ಅಲ್ವಾ? ಹೆಂಗೋ ಹೋಗ್ಲಿ, ನಾನು ಓಡಿಸಾಕೆ ಕಲ್ತಿದ್ದಂತೂ ಗೊತ್ತಾಗೈತೆ. ಯಾಕೆ ಕಲ್ತೆ ಅಂತ? ಅದೂ ಗೊತ್ತಾ?

ಅದೂ ಗೊತ್ತಾ ನಿಮಗೆ?

ಅಯ್ಯೋ ಶಿವನೇ. ತಲೆ ಎತ್ರಿ. ಹಂಗೆ ಬಾಗ್ಲು ಹಿಡ್ಕಂಡು ನಿಲ್ಲಬ್ಯಾಡ್ರಿ. ಆವತ್ತು ಆಸ್ಪತ್ರೆಯಾಗೆ ಗೊತ್ತಾಗಿತ್ತಾ? ಕಣ್ಣು ನೋಡೋ ಪೆಟ್ಟಿಗೆಗೆ ಗಲ್ಲ ಇಟ್ಟು ಕೂರ್ಸಿ, ಬೆಳಕು ಕಂಡಾಗೆಲ್ಲ ಬಟನ್ ಒತ್ರಿ ಅಂದ್ರಲ್ಲ, ಆಗಲೇನಾ? ಡಾಕ್ಟ್ರು ನಂಗೆ ಹೇಳಿದ್ರು ರೀ. ನೀವು ಚಾ ಕುಡಿಯಾಕೆ ಹೊರಗೆ ಹೋದಾಗ ಹೇಳಿದ್ರು. ನಿಮ್ಮ ಯಜಮಾನ್ರು ಬೆಳಕು ಬರದೇ ಇದ್ದಾಗಲೂ ಬಟನ್ ಒತ್ಯಾರಮ್ಮ, ಅದಕ್ಕೇ ಎರಡನೇ ಸಲ ಕೂರಿಸಿದ್ವಿ ಅಂದ್ರು. ನಾನು ನಕ್ಕೆ. ಅವರ ಮುಂದೆ ನಕ್ಕುಬಿಟ್ಟೆ. ಇವರಿಗೆ ಸೋಲಾದು ಗೊತ್ತಿಲ್ಲ ಡಾಕ್ಟ್ರೇ ಅಂದೆ. ಆಮ್ಯಾಲೆ ಔಷಧಿ ಅಂಗಡಿ ಹಿಂದೆ ಹೋಗಿ ಅತ್ತೆ.

ಸುಮ್ನೆ ಒತ್ತಿದ್ರಾ? ಬೆಳಕು ಬಂದಿರಬಹುದು, ನಂಗೆ ಕಾಣ್ತಿಲ್ಲ ಅಷ್ಟೇ ಅಂತ ಲೆಕ್ಕ ಹಾಕಿ ಒತ್ತಿದ್ರಾ? ಅಂದ್ರೆ ಆ ಕುರ್ಚಿಯಾಗೆ ಕೂತಾಗಲೇ ನಿಮಗೆ ಗೊತ್ತಾಗೈತೆ. ನಾನು ನಿಮಗೆ ಹೇಳ್ದಂಗೆ ಬಚ್ಚಿಟ್ಟೆ, ನೀವು ನಂಗೆ ಹೇಳ್ದಂಗೆ ಬಚ್ಚಿಟ್ರಿ. ಒಂದೇ ಮನೆಯಾಗೆ, ಒಂದೇ ತಟ್ಟೆಯಾಗೆ ಉಂಡ್ಕಂತಾ.

ಹೇಳ್ತೀನಿ ಇರ್ರಿ. ಬಾಯಿ ಬಿಟ್ಟೇ ಹೇಳ್ತೀನಿ. ಮುಂದಿರೋದು ಕಾಣುತ್ತೆ, ಪಕ್ಕದ್ದು ಹೋಗೈತೆ, ಎಡಗಡೆದು ಬಾಳ ಹೋಗೈತೆ ಅಂದ್ರು. ಕಣ್ಣಿನ ನರ ಒಣಗ್ತಾ ಬಂದೈತಂತೆ. ಹೋಗಿದ್ದು ತಿರುಗಿ ಬರಲ್ಲ, ಹನಿ ತಪ್ಪಿಸದೆ ಹಾಕಿದ್ರೆ ಇರೋದು ಉಳೀಬಹುದು. ಗಾಡಿ ಓಡಿಸಬಾರ್ದು ಅಂದ್ರು. ಇವತ್ತಿಂದಲೇ ಅಂದ್ರು. ಆ ಎಮ್ಮೆ ಅಡ್ಡ ಬರಲಿಲ್ಲ ರೀ. ಅದು ನಾವು ಏರಿ ಹತ್ತಿದಾಗಿಂದ ಅಲ್ಲೇ ಎಡಕ್ಕೆ ನಿಂತಿತ್ತು.

ನಿಮಗೆ ಹೆಂಗೆ ಹೇಳ್ಲಿ ನಾನು? ಊರಾಗೆ ನಿಮ್ಮ ಹೆಸರು ಕರೆಯೋರು ಯಾರವ್ರೆ? ಡ್ರೈವರ್ ಅಂತಾರೆ. ಡ್ರೈವರ್ ಮನೆ, ಡ್ರೈವರ್ ಹೆಂಡ್ತಿ. ದೊಡ್ಡಣ್ಣ ಟ್ರ್ಯಾಕ್ಟರ್ ಮಾರ್ತೀನಿ ಅಂದಾಗ ನಂಗೆ ಒಳಗೊಳಗೇ ಖುಷಿ ಆತು, ಸದ್ಯ ಇವರಿಗೆ ಓಡಿಸಾಕೆ ಗಾಡಿ ಇಲ್ಲ ಅಂತ. ಆಮ್ಯಾಲೆ ಮಷಿನ್ ನೆನಪಾತು, ಹಿಂದೆ ಹತ್ತೋರೆಲ್ಲ ನೆನಪಾದ್ರು. ಅದಕ್ಕೇ ಕಲ್ತೆ. ಸಿದ್ದೇಶನ ಪಿಕಪ್ಪಿಗೆ ನೀರಿನ ಟ್ಯಾಂಕರ್ ಕಟ್ಕಂಡು, ನ್ಯಾಮತಿ ಬಯಲಿನಾಗೆ, ಹುಡುಗ್ರು ಶಿಳ್ಳೆ ಹೊಡೆಯೋರು. ಹೊಡೀಲಿ ಅಂತ ಕಲ್ತೆ. ನಾನು ಕಲ್ತೀನಿ ಅಂತ ಹೇಳಿದ್ರೆ ನೀವು ಓಡಿಸಬ್ಯಾಡ್ರಿ ಅಂತ ಹೇಳಿದಂಗೇ ಆಗುತ್ತಲ್ಲ. ಅದಕ್ಕೇ ಅವ್ವನ ಕಾಲಿನ ನೆಪ ಹೇಳ್ಕಂಡು ಹೋಗ್ತಿದ್ದೆ.

ನೀವೇ ಹಿಂಗೆ ಮಾಡಿಟ್ಟೀರಿ. ಜಗಳೂರಿನ ಗಾಡಿಯಾಗೆ ನೀವು ಕ್ಲಚ್ ಕಾಲಿನಾಗೆ ಒತ್ತಿದ್ದಲ್ಲದೆ, ಕೆಳಗೆ ಬಗ್ಗಿ ಕೈಯಿಂದ್ಲೂ ಒತ್ತಿ ನೋಡಿದ್ರಿ. ಯಾಕಪ್ಪಾ ಅನ್ಕಂಡೆ. ನನ್ನ ಕಾಲಿಗೆ ಎಷ್ಟು ಭಾರ ಆಗುತ್ತೆ ಅಂತ ತೂಗ್ತಿದ್ರಾ? ಹೌದಾ? ಬೆಳಿಗ್ಗೆಯಿಂದ ನಾನು ನಿಮ್ಮ ಕಣ್ಣಿಗೆ ಬೀಳದಂಗೆ ನಂಗೆ ಒಂದು ಗಾಡಿ ಹುಡುಕ್ತಿದ್ದೆ. ನೀವೂ ಅದನ್ನೇ ಹುಡುಕ್ತಿದ್ರಿ.

ತಿಪ್ಪೇರುದ್ರಣ್ಣ ನೋಡ್ತಾ ಅವ್ನೆ. ಯಾರಮ್ಮ ಓಡಿಸಾದು ಅಂತ ಕೇಳ್ತಾನೆ. ನಾನು ಹೇಳಲ್ಲ. ಅದೊಂದು ನಾನು ಹೇಳಲ್ಲ, ನೀವೇ ಹೇಳ್ರಿ. ಬೇಕಾದ್ರೆ ನಾನು ಇಳೀತೀನಿ, ಸೀಟು ಹಿಂದಕ್ಕೆ ತಳ್ತೀನಿ, ಸೇತುವೆತನಕ ತಾನೆ... ಇಲ್ಲ. ತಳ್ಳಲ್ಲ. ಸೇತುವೆತನಕನೂ ಬ್ಯಾಡ. ತಪ್ಪು ತಿಳೀಬ್ಯಾಡ್ರಿ.

ಎಲ್ಲಿಗೆ ಹೊಂಟ್ರಿ? ರೀ... ಆ ಕಡೆಯಿಂದಾ? ಮುಂದಿನಿಂದ ಸುತ್ತಿ ಬರ್ರಿ, ಹಿಂದೆ ಟ್ಯಾಂಕರಿನ ಕೊಂಡಿ ಐತೆ, ಎಡವ್ತೀರಿ. ಇರ್ರಿ, ಬಾಗ್ಲು ನಾನು ಒಳಗಿಂದ ತೆಗೀತೀನಿ. ಬಂತು. ಹತ್ರಿ.

ಕೂತ್ರಾ?

ನನ್ನ ಕಡೆ ನೋಡಬ್ಯಾಡ್ರಿ. ನ್ಯಾಮತಿಯಾಗೆ ಇಷ್ಟು ಹೆದರಿಕೆ ಇರಲಿಲ್ಲ. ಸಿದ್ದೇಶ ಏನು, ಹುಡುಗ. ನೀವು ಕೂತ್ರೆ ಬ್ಯಾರೆ. ಸ್ಟಾರ್ಟ್ ಆತು. ಫಸ್ಟ್ ಗೇರು... ಹ್ಯಾಂಡ್ ಬ್ರೇಕು... ನಿಧಾನಕ್ಕೆ ಬಿಡ್ತೀನಿ. ಎಳೀತು, ನೋಡ್ರಿ, ಟ್ಯಾಂಕರ್ ಬಂತು ಹಿಂದೆ, ಜಗ್ಗಲೂ ಇಲ್ಲ. ಗೇಟಿಂದ ಬಲಕ್ಕೆ ತಿರುಗಿದ್ರೆ ಸೇತುವೆ ಅಲ್ವಾ. ಎಡಗಡೆಯಿಂದ ಯಾವ್ದಾದ್ರೂ ಬರ್ತಾ ಐತಾ ನೋಡ್...

ಬ್ಯಾಡ. ಬಿಡ್ರಿ. ಎರಡೂ ಕಡೆ ನಾನೇ ನೋಡ್ಕಂತೀನಿ.

ನೀವು ಇಂಜಿನ್ ಕೇಳ್ರಿ. ಅದು ನಂಗೆ ಕೇಳಾಕೆ ಬರಲ್ಲ, ಯಾವಾಗ ಗೇರು ಬೇಡ್ತೈತೆ, ಯಾವಾಗ ಅಳ್ತೈತೆ ಅಂತ ನಂಗೆ ಗೊತ್ತಾಗಲ್ಲ. ತಪ್ಪಿದ್ರೆ ಬೈರಿ. ಜೋರಾಗೇ ಬೈರಿ, ನಾಡಿದ್ದು ಹಿಂದೆ ಕೂರೋ ಗ್ಯಾಂಗಿಗೆಲ್ಲ ಕೇಳಂಗೆ. ಇಷ್ಟು ದಿನ ಸುಮ್ಕಿದ್ರಿ, ನಾನೂ ಸುಮ್ಕಿದ್ದೆ. ಇನ್ನು ಸುಮ್ಕಿರಬ್ಯಾಡ್ರಿ.